ಮೊಟ್ಟೆ ಆಫೀಸಮ್ಮ ತೋಳು ಚಾಚಿದ್ದು

ನನ್ನ ಪಾರ್ಲರಿನ ಕಸದ ಬುಟ್ಟಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರಿದ್ದರು. ದಿನಾ ಮಧ್ಯಾಹ್ನ ಊಟ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಬಾಗಿಲಿಂದ ಬರುವರು. ಬಂದವರು ಕುರ್ಚಿಯ ಕಡೆ ನೋಡದೆ ಮೊದಲು ಬುಟ್ಟಿಯೊಳಗೆ ಇಣುಕುವರು. ಹತ್ತಿ, ದಾರದ ಚೂರು, ಕೂದಲು, ಖಾಲಿ ಟ್ಯೂಬು ಎಲ್ಲದರ ಮೇಲೂ ಕಣ್ಣಾಡಿಸಿ, "ಏನವ್ವಾ, ಬೆಳಗ್ಗಿಂದ ಬಂದೋರು ಮೂರ್ ಜನ, ಇಲ್ ನೋಡುದ್ರೆ ಬ್ಲೇಡು ಒಂದೇ ಅದೆ?" ಎನ್ನುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಇಬ್ಬರಿಗೆ ದಾರದಲ್ಲಿ ಹುಬ್ಬು ತೆಗೆದೆ, ಒಬ್ಬರಿಗೆ ಮಾತ್ರ ಬ್ಲೇಡು ಬೇಕಾಯಿತು ಎಂದು ವಿವರಿಸಿದರೂ ಪೂರ್ತಿ ನಂಬಿದ ಮುಖ ಮಾಡುತ್ತಿರಲಿಲ್ಲ.

ಮನೆ ಅವರದು. ಬೀದಿಗೆ ಮುಖ ಮಾಡಿದ ಕೋಣೆ ನನ್ನ ಪಾರ್ಲರು, ಹಿಂದಿನ ಭಾಗದಲ್ಲಿ ಅವರೂ ಅವರ ಮಗಳೂ ಇದ್ದರು. ಮಗಳು ಹನೂರಿನ ಶಾಲೆಯೊಂದರಲ್ಲಿ ಟೀಚರು, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಹಾಗಾಗಿ ಮಧ್ಯಾಹ್ನದ ಹೊತ್ತು ಅವರಿಗೆ ನಾನು, ನನಗೆ ಅವರು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೊಟ್ಟೆ ಆಫೀಸಮ್ಮ ಎಂದು. ಹೊಸದಾಗಿ ಬಂದವರು ಕೋಳಿಮೊಟ್ಟೆ ವ್ಯಾಪಾರ ಅಂದುಕೊಂಡು ಬಾಗಿಲು ತಟ್ಟಿದ್ದೂ ಉಂಟು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ್ದು ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಸರ್ಕಾರಿ ಬಿತ್ತನೆ ಕೋಠಿಯಲ್ಲಿ.

ಅಲ್ಲಿ ಅವರ ಕೆಲಸ ಅನುಮಾನ ಪಡುವುದೇ. ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಸಣ್ಣ ಒರಳಿನಲ್ಲಿ ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಚೂರಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಕ್ಕಿಕಾಳಿನಂಥ ಹೊಳೆಯುವ ಚುಕ್ಕಿ ಕಂಡರೆ ಗಂಟುರೋಗ. ತಾಯಿಗಿದ್ದದ್ದು ಮೊಟ್ಟೆಗೂ ಇಳಿದಿರುತ್ತದೆ. ಅಂಥ ಮೊಟ್ಟೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಸುಡಬೇಕು, ರೈತರ ಮನೆಗೆ ಹೋಗಬಾರದು. ಮೂವತ್ತು ವರ್ಷ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ರೋಗ ಹುಡುಕಿದವರಿಗೆ ಪ್ರಪಂಚ ಹೇಗೆ ಕಾಣಬಹುದೋ ಅವರಿಗೂ ಹಾಗೇ ಕಾಣುತ್ತಿತ್ತು. ಮಾತು ಕೇಳುವಾಗಲೂ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಎದುರಿಗಿದ್ದವರಿಗೆ ಸುಳ್ಳು ಹೇಳದಿದ್ದರೂ ಸುಳ್ಳು ಹೇಳಿದಂತೆ ಅನ್ನಿಸಿ ನಾಲಿಗೆ ತೊದಲುತ್ತಿತ್ತು.

ಹಾಲಿನವನ ಕ್ಯಾನಿನೊಳಗೆ ಬೆರಳದ್ದಿ ಉಗುರಿನ ಮೇಲೆ ತೊಟ್ಟು ನಿಲ್ಲಿಸಿ ನೋಡುವರು. ಗ್ಯಾಸ್ ಸಿಲಿಂಡರ್ ತಂದವನನ್ನು ಸೀಲು ತೋರಿಸುವವರೆಗೂ ಅಂಗಳ ದಾಟಿಸರು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಲೆ ತೊಳೆದ ಮೇಲೆ ಇನ್ನೊಮ್ಮೆ ತಮ್ಮ ಬಾಟಲಿಯ ನೀರಲ್ಲಿ ತೊಳೆಯುವರು. ಔಷಧಿ ಅಂಗಡಿಯವನಂತೂ ಅವರು ಬರುವುದು ಕಂಡರೆ ಮಾತ್ರೆಯ ಹಾಳೆಯನ್ನು ತಿರುಗಿಸಿ, ತಾರೀಕಿನ ಕಡೆ ಮೇಲೆ ಮಾಡಿ ಇಟ್ಟುಬಿಡುತ್ತಿದ್ದ. ಅದಕ್ಕೂ ಅವರದು ಒಂದು ಅನುಮಾನ. "ನಾ ಬಂದಾಗ ಮಾತ್ರ ಯಾಕ್ಲಾ ತಿರುಗುಸ್ತೀಯೆ?"

ಇಷ್ಟೊಂದು ಅನುಮಾನ ಯಾಕೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವತ್ತು ನನ್ನ ಕೈಯಲ್ಲಿ ಅವರ ತಲೆ ಇತ್ತು, ಕೂದಲಿಗೆ ಮೆಹೆಂದಿ ಹಚ್ಚುತ್ತಿದ್ದೆ. ಕನ್ನಡಿಯಲ್ಲೇ ನನ್ನನ್ನು ನೋಡಿಕೊಂಡು ಹೇಳಿದರು. ಸರ್ವೀಸಿನಲ್ಲಿ ಒಂದೇ ಒಂದು ಸಲ ಅವರು ತಾವು ನೋಡದೆ ಸಹಿ ಹಾಕಿದ್ದರಂತೆ. ಪಕ್ಕದ ಮೇಜಿನವಳಿಗೆ ಅವಸರ, ನೋಡಿದ್ದೀನಿ ಸರಿ ಇದೆ ಅಂದಳು, ಇವರು ನಂಬಿದರು. ಆ ಮೊಟ್ಟೆ ಹೋದದ್ದು ಮಾಂಬಳ್ಳಿಯ ಒಬ್ಬ ರೈತನ ಮನೆಗೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಒಂದೊಂದಾಗಿ ಸತ್ತವು. ಆ ಮನೆಯ ಹೆಂಗಸು ಒಂದು ಮಂಕರಿ ತುಂಬ ಸತ್ತ ಹುಳು ತಂದು, ಇವರ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋದಳಂತೆ.

"ಬೈದಿದ್ರೆ ಮರ್ತೋಗ್ತಿದ್ದೆ ಕಣವ್ವಾ," ಎಂದರು. "ಬೈನಿಲ್ಲ. ಅವತ್ತಿಂದ ನಾ ಯಾರ್ ಬಾಯ್ ಮಾತ್ನೂ ನಂಬಾಕಿಲ್ಲ. ನಂದೂ ನಂಬಾಕಿಲ್ಲ."

ಇಂಥವರ ಕಣ್ಣ ಕೆಳಗೆ ನಾನು ಆ ಪೆಟ್ಟಿಗೆ ತಂದಿಟ್ಟೆ.

ಬೆಂಗಳೂರಿನ ಒಬ್ಬ ಹೆಂಗಸು ನಮ್ಮಂಥ ಪಾರ್ಲರಿನವರನ್ನೆಲ್ಲ ಮೈಸೂರಿನ ಹೋಟೆಲೊಂದಕ್ಕೆ ಕರೆಸಿ ಒಂದು ದಿನದ ತರಬೇತಿ ಕೊಟ್ಟಿದ್ದಳು. ಪೆಪ್ಟೈಡ್ ಇಂಜೆಕ್ಷನ್. ಪೆಪ್ಟೈಡ್ ಅಂದರೆ ಪ್ರೋಟೀನಿನ ಸಣ್ಣ ಸಣ್ಣ ತುಂಡು, ಚರ್ಮದೊಳಗೆ ಬಿಟ್ಟರೆ ಮೊಡವೆ ಹಳ್ಳ ತುಂಬುತ್ತದೆ, ಬಂಗು ಹೋಗುತ್ತದೆ, ಮುಖ ಹೊಳೆಯುತ್ತದೆ ಎಂದು ಪರದೆಯ ಮೇಲೆ ಮುಂಚಿನ ಮುಖ, ಆಮೇಲಿನ ಮುಖ ತೋರಿಸಿದಳು. ಊಟದ ಹೊತ್ತಿಗೆ ನನ್ನ ಊರು ಯಾವುದೆಂದು ಕೇಳಿದಳು. ಕೊಳ್ಳೇಗಾಲ ಅಂದೆ. "ಅಯ್ಯೋ, ಹಾಗಾದ್ರೆ ನಿಮಗೆ ಹೇಳಬೇಕಾ? ಇದು ರೇಷ್ಮೆಯಿಂದಲೇ ತೆಗೆದದ್ದು!" ಎಂದಳು. ಸಂಜೆ ಕೈಗೊಂದು ಸರ್ಟಿಫಿಕೇಟು ಬಂತು. ನಾನು ಅದಕ್ಕೆ ಚೌಕಟ್ಟು ಹಾಕಿಸಿ ಕನ್ನಡಿಯ ಪಕ್ಕ ನೇತುಹಾಕಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಒಂದು ಹಗಲಿನಲ್ಲಿ, ಮಧ್ಯೆ ಊಟವನ್ನೂ ಮಾಡಿ, ಮನುಷ್ಯರ ಮುಖಕ್ಕೆ ಸೂಜಿ ಚುಚ್ಚಲು ಕಲಿತೆ ಎಂದು ನಾನು ನಂಬಿದ್ದೆ.

ರೇಷ್ಮೆ ಎಂಬ ಮಾತು ನಮ್ಮ ಕಡೆ ಕೆಲಸ ಮಾಡಿದಂತೆ ಬೇರೆಲ್ಲೂ ಮಾಡಲಾರದು. ಗೂಡು ಬಿಡಿಸಿ, ಹಿಪ್ಪುನೇರಳೆ ಸೊಪ್ಪು ಹೊತ್ತು ಬೆಳೆದ ಹೆಂಗಸರು. ನನ್ನ ಬಾಯಿಂದ ಈ ಸುದ್ದಿ ಹೊರಬೀಳುವುದೇ ತಡ, ರೇಷ್ಮೆದಾದರೆ ಏನು ಭಯ ಎಂದು ಯಳಂದೂರಿನಿಂದ, ರಾಮಾಪುರದಿಂದ ಫೋನು ಬಂತು. ಮೊದಲು ಹೆಸರು ಬರೆಸಿದವಳು ಕುಂತೂರಿನ ಒಂದು ಹುಡುಗಿ. ಇಪ್ಪತ್ತೆರಡರ ವಯಸ್ಸು, ಎರಡೂ ಕೆನ್ನೆಯಲ್ಲಿ ಮೊಡವೆ ಬಿಟ್ಟುಹೋದ ಹಳ್ಳ. ತಿಂಗಳೊಪ್ಪತ್ತಿನಲ್ಲಿ ಅವಳ ನಿಶ್ಚಿತಾರ್ಥ. "ಅಕ್ಕಾ, ಫೋಟೋದಲ್ಲಿ ಅವತ್ತೊಂದಿನ ನಾನು ಮುಖ ತಗ್ಗಿಸದೇ ಇರೋ ಹಂಗೆ ಮಾಡಿ," ಎಂದಿದ್ದಳು. ನನಗೆ ನಿಜವಾಗಿಯೂ ಅವಳ ಮುಖ ಎತ್ತಿಸಬೇಕೆಂಬ ಆಸೆ ಇತ್ತು. ನನ್ನ ಹೆಸರೂ ಎತ್ತಬೇಕೆಂಬ ಆಸೆ ಅದಕ್ಕಿಂತ ಹೆಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ಪೆಟ್ಟಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಒಳಗೆ ಇಟ್ಟಿದ್ದ ಐಸಿನ ಚೀಲ ಕರಗಿ ಬಿಸಿಯಾಗಿತ್ತು. ಹೆಬ್ಬೆರಳಿನಷ್ಟು ಸೀಸೆಗಳು, ತಳದಲ್ಲಿ ಬಿಳಿ ಪುಡಿ, ಜೊತೆಗೆ ಬೆರೆಸಿಕೊಳ್ಳಲು ನೀರಿನ ಸೀಸೆ. ಮೊಟ್ಟೆ ಆಫೀಸಮ್ಮ ಅವತ್ತು ಬುಟ್ಟಿಯಲ್ಲಿ ಬಿದ್ದಿದ್ದ ರಟ್ಟಿನ ಹೊದಿಕೆಯನ್ನು ಎತ್ತಿಕೊಂಡು ಒಳಗೆ ಹೋದರು. ಹೋದವರು ಭೂತಗನ್ನಡಿ ಹಿಡಿದು ಅದರ ಮೂಲೆಯಲ್ಲಿದ್ದ ಇರುವೆ ಸಾಲಿನಂಥ ಇಂಗ್ಲಿಷು ಅಕ್ಷರಗಳನ್ನು ಒಂದೊಂದಾಗಿ ಕಾಗದದ ಮೇಲೆ ಇಳಿಸಿಕೊಂಡಿದ್ದಾರೆ. ಸಂಜೆ ಮಗಳ ಹತ್ತಿರ ಓದಿಸಿದ್ದಾರೆ. ಮಗಳು, ಯಾವುದರ ಮೇಲೆ ಬರೆದಿತ್ತು ಎಂದು ಕೇಳಿದ್ದಕ್ಕೆ, ದಾರೀಲಿ ಸಿಕ್ಕಿದ ರಟ್ಟು ಎಂದರಂತೆ. ಮಗಳನ್ನೂ ಪೂರ್ತಿ ನಂಬುತ್ತಿರಲಿಲ್ಲ, ಅವಳು ಬೀದಿಗೆಲ್ಲ ಹೇಳಿಯಾಳು ಎಂದು.

ಮಾರನೆಯ ದಿನ ಮಧ್ಯಾಹ್ನ ಆ ಚೀಟಿ ನನ್ನ ಮುಂದೆ ಬಂತು.

"ಸಂಶೋಧನೆಗೆ ಮಾತ್ರ. ಮನುಸ್ರಿಗೆ ಬಳಸಬಾರ್ದು. ಅಂಗ್ ಬರ್ದದೆ. ನೀ ಓದಿದ್ದಾ?"

ಓದಿದ್ದೆ. ಆ ಬೆಂಗಳೂರಿನವಳನ್ನು ಕೇಳಿಯೂ ಇದ್ದೆ. ಅದು ಲೈಸೆನ್ಸಿನ ತಾಪತ್ರಯಕ್ಕೆ ಎಲ್ಲ ಕಂಪನಿಯವರೂ ಬರೆಯುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದಳು. ನಾನೂ ಅದನ್ನೇ ಇವರಿಗೆ ಒಪ್ಪಿಸಿದೆ.

"ಎಲ್ರೂ ಬರೀತಾರೆ ಅಂದ್ರೆ ಎಲ್ರೂ ನಿಜಾನೇ ಬರ್ದಿರಬೋದಲ್ವಾ?" ಎಂದರು ಅವರು.

"ಇದು ರೇಷ್ಮೆದು ಅಮ್ಮ. ನಿಮಗೆ ಗೊತ್ತಿಲ್ಲದ್ದಾ?"

"ಗೊತ್ತಿರೋದ್ಕೇ ಯೋಳ್ತೀನಿ. ಬಿಚ್ಚಾಣಿಕೆ ಮನೇಲಿ ನೂಲು ಎಳ್ಯೋ ಎಣ್ಮಕ್ಕಳ ಕೈ ನೋಡಿದ್ದೀಯಾ? ನೀರ್ ಕಜ್ಜಿ ಎದ್ದಿರ್ತದೆ. ಕೆಮ್ಮು ಬಿಡಾಕಿಲ್ಲ. ಮೇಲ್ ತಾಕುದ್ರೇ ಇಂಗೆ, ನೀ ಒಳಕ್ ಬುಡ್ತೀನಿ ಅಂತೀಯೆ. ಅದೂ ರೇಷ್ಮೇದೇ ಅಂತ ಯಾರ್ ನೋಡುದ್ರು? ಇದುನ್ನ ಮಾಡ್ದೋನು ಯಾವೂರು? ಇದುರ್ ತಾಯಿ ಯಾವ್ದು, ಅರ್ದು ನೋಡುದೋರ್ ಯಾರು?"

ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ನಿಮಗೆ ನನ್ನ ಏಳಿಗೆ ಕಂಡರೆ ಆಗುವುದಿಲ್ಲ ಅಂದೆ. ನಾನು ಊಟಕ್ಕೆ ಹೋದಾಗ ಒಳಬಾಗಿಲಿಂದ ಬಂದು ಡ್ರಾಯರು ಎಳೆದು ನೋಡುತ್ತೀರಿ ಅಂದೆ. ಆರೋಗ್ಯ ಇಲಾಖೆಗೆ ಚೀಟಿ ಬರೆಯುವವರು ನೀವೇ ಇರಬೇಕು ಅಂದೆ. ಯಾರೂ ಚೀಟಿ ಬರೆದೇ ಇರಲಿಲ್ಲ, ನನ್ನ ಭಯ ನನಗಿಂತ ಮುಂದೆ ಓಡಿತ್ತು. ಅವರು ಎಡಗಣ್ಣು ಅರ್ಧ ಮುಚ್ಚಿ ಕೇಳಿಸಿಕೊಂಡರು. ಡ್ರಾಯರು ಎಳೆದು ನೋಡುವುದನ್ನು ಮಾತ್ರ ಒಪ್ಪಿಕೊಂಡರು.

"ಸರಿ. ಆ ಕುಂತೂರ್ ಕೂಸಿಗೆ ಯಾವತ್ ಆಕ್ತೀಯೆ?"

"ಬರೋ ತಿಂಗಳು ಮೊದಲ ಸೋಮವಾರ."

"ಇನ್ನೂ ಮೂರ್ ವಾರ ಅದೆ. ಅದ್ಕೂ ಮುಂಚೆ ನೀನು ಚುಚ್ಕೊ, ನೋಡಮ."

ಇಷ್ಟು ದಿನದಲ್ಲಿ ಆ ಯೋಚನೆ ನನಗೆ ಬಂದೇ ಇರಲಿಲ್ಲ. ನನ್ನ ಕೆನ್ನೆಯ ಮೇಲೂ ಬಂಗು ಇದೆ, ಎರಡು ಹೆರಿಗೆಯ ನಂತರ ಬಂದದ್ದು. ಆ ಪುಡಿ ಅಷ್ಟು ಒಳ್ಳೆಯದಾಗಿದ್ದರೆ ಮೊದಲು ನಾನು ತಾನೇ ಹಾಕಿಕೊಳ್ಳಬೇಕಿತ್ತು? ನನಗೆ ಸೂಜಿ ಅಂದರೆ ಆಗದು ಎಂದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸೀರೆಯ ಸೆರಗು ಸರಿಸಿ, ರವಿಕೆಯ ತೋಳನ್ನು ಮೇಲಕ್ಕೆ ಮಡಿಚಿ, ಎಡತೋಳನ್ನು ನನ್ನ ಮುಂದೆ ಚಾಚಿದರು.

"ಅಂಗಾರ್ ನಂಗ್ ಆಕು. ಹದಿನೈದ್ ದಿನ ನೋಡಮ. ನಂಗ್ ಏನೂ ಆಗ್ನಿಲ್ಲ ಅಂದ್ರೆ ಆ ಕೂಸಿಗ್ ಆಕು. ಅಮ್ಯಾಕೆ ನಿನ್ ಡ್ರಾಯರ್ ಕಡೆ ತಿರುಗ್ ಕೂಡ ನೋಡಾಕಿಲ್ಲ."

ಅವರ ಲೆಕ್ಕದಲ್ಲಿ ಅದು ಸರಿಯಾದ ಪರೀಕ್ಷೆ. ಒಂದನ್ನು ಅರೆದು ನೋಡು, ಉಳಿದದ್ದರ ಹಣೆಬರಹ ತಿಳಿಯುತ್ತದೆ. ಬಿತ್ತನೆ ಕೋಠಿಯಲ್ಲಿ ಅದು ನಿಜ, ಮನುಷ್ಯರಲ್ಲಿ ಅಲ್ಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾನಾದರೂ ಬೇಡ ಅನ್ನಬಹುದಿತ್ತು. ಅರವತ್ತೆಂಟು ವರ್ಷದ, ಸಕ್ಕರೆ ಕಾಯಿಲೆ ಇದ್ದ ಹೆಂಗಸು. ಆದರೆ ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಅವರ ಬಾಯಿ ಮುಚ್ಚಿಸುವುದು. ಹೊಸ ಸೂಜಿಯ ಪೊಟ್ಟಣವನ್ನು ಅವರ ಕಣ್ಣೆದುರೇ ಹರಿದೆ, ಸ್ಪಿರಿಟಿನಲ್ಲಿ ಒರೆಸಿದೆ, ಪುಡಿಗೆ ನೀರು ಸೇರಿಸಿ, ತೋಳಿನ ಒಳಮಗ್ಗುಲಲ್ಲಿ ನಾಲ್ಕು ಕಡೆ ಚುಚ್ಚಿದೆ. ಅವರು ಸೂಜಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಆ ಸೀಸೆಯನ್ನು ಇಸಿದುಕೊಂಡು, ಚೀಟಿಯಲ್ಲಿ ತಾರೀಕು ಬರೆದು ಅಂಟಿಸಿ, ಅವರ ಫ್ರಿಜ್ಜಿನಲ್ಲಿಟ್ಟುಕೊಂಡರು.

ಒಂದು ವಾರ ಏನೂ ಆಗಲಿಲ್ಲ. ದಿನಾ ಮಧ್ಯಾಹ್ನ ಬಂದು ತೋಳು ತೋರಿಸುವರು. ಹತ್ತನೆಯ ದಿನ ಒಂದು ಕಡೆ ಕೆಂಪಗಾಗಿತ್ತು. ಸೊಳ್ಳೆ ಇರಬೇಕು ಅಂದೆ. ಹನ್ನೆರಡನೆಯ ದಿನಕ್ಕೆ ನಾಲ್ಕೂ ಕಡೆ ಗಟ್ಟಿ ಗಂಟು. ಹದಿನೈದನೆಯ ದಿನ ಒಂದು ಗಂಟು ಮೆತ್ತಗಾಗಿ ಒಡೆದು ಕೀವು ಬಂತು. ಬೀದಿಯ ಡಾಕ್ಟರು ಕೊಟ್ಟ ಮಾತ್ರೆಗೆ ಅದು ಜಗ್ಗಲಿಲ್ಲ. ಮಗಳಿಗೆ ಶಾಲೆಯಲ್ಲಿ ಪರೀಕ್ಷೆ ಕೆಲಸ, ರಜ ಸಿಗುವಂತಿರಲಿಲ್ಲ. ನಾನೇ ಮೈಸೂರಿನ ಚರ್ಮದ ಡಾಕ್ಟರ ಬಳಿ ಬಸ್ಸಿನಲ್ಲಿ ಕರೆದುಕೊಂಡು ಹೋದೆ.

ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿ, ಇದು ಸಾಮಾನ್ಯ ಕ್ರಿಮಿಯಲ್ಲ, ಶುದ್ಧವಿಲ್ಲದ ಇಂಜೆಕ್ಷನ್ನಿಂದ ಬರುವಂಥದ್ದು ಇರಬಹುದು, ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ ಎಂದರು. ಮೊಟ್ಟೆ ಆಫೀಸಮ್ಮ ಸೀಸೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಅದನ್ನು ತಿರುಗಿಸಿ ನೋಡಿದರು. "ಪೆಪ್ಟೈಡ್ ಇರೋ ಕ್ರೀಮು ಮೇಲೆ ಹಚ್ಚೋದು ಬೇರೆ. ಇದನ್ನ ಚರ್ಮದ ಅಂದಕ್ಕೆ ಅಂತ ಚುಚ್ಚೋಕೆ ಯಾರೂ ಒಪ್ಪಿಗೆ ಕೊಟ್ಟಿಲ್ಲ. ಒಳಗೆ ಏನಿದೆ, ಎಷ್ಟಿದೆ, ಎಲ್ಲಿ ತುಂಬಿದ್ರು, ನನಗೂ ಗೊತ್ತಿಲ್ಲ, ಚುಚ್ಚಿದೋರಿಗೂ ಗೊತ್ತಿರಲ್ಲ."

"ಒಂದ್ ಕೂಸಿನ್ ಮೊಕಕ್ಕೆ ಆಕ್ಬೇಕು ಅಂತಿದ್ರು ಸಾ. ಅದ್ಕೇ ಮೊದ್ಲು ನಾ ನೋಡ್ದೆ."

"ನಿಮಗೆ ಏನೂ ಆಗದೇ ಇದ್ದಿದ್ರೆ?"

"ಅದ್ಕೂ ಆಗ್ತಿರ್ನಿಲ್ಲ."

"ಹಾಗಲ್ಲಮ್ಮ. ಒಂದು ಸೀಸೆ ಇದ್ದಂಗೆ ಇನ್ನೊಂದು ಇರಲ್ಲ. ಒಂದು ಮೈ ಒಗ್ಗಿಸಿಕೊಂಡದ್ದು ಇನ್ನೊಂದಕ್ಕೆ ಒಗ್ಗಲ್ಲ. ನಿಮ್ಮ ತೋಳು ಚೆನ್ನಾಗಿದ್ದು ಆ ಹುಡುಗಿ ಮುಖ ಹೋಗಬಹುದಾಗಿತ್ತು."

ಅವರ ಮುಖ ಸಪ್ಪಗಾದದ್ದನ್ನು ನಾನು ಮೊದಲ ಸಲ ಕಂಡೆ. ತೋಳಿನ ನೋವಿಗಲ್ಲ, ತಮ್ಮ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ತಿಳಿದದ್ದಕ್ಕೆ.

ಯಾರು ಚುಚ್ಚಿದ್ದು ಎಂದು ಡಾಕ್ಟರು ಕೇಳಿದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

"ಯಾರೋ ಬಂದಿದ್ರು ಸಾ. ಈಗಿಲ್ಲ, ಒಂಟೋದ್ರು."

ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಕೇಳಿದೆ, ಯಾಕಮ್ಮ ನನ್ನ ಹೆಸರು ಹೇಳಲಿಲ್ಲ ಎಂದು. ನನ್ನ ಮೇಲಿನ ಪ್ರೀತಿ ಎನ್ನುತ್ತಾರೇನೋ ಅಂದುಕೊಂಡಿದ್ದೆ.

"ನಿನ್ ಎಸ್ರು ಯೋಳುದ್ರೆ ನಿನ್ ಬಾಗ್ಲು ಮುಚ್ಚುಸ್ತಾರೆ. ಅಮ್ಯಾಕೆ ನೀ ಇನ್ನೆಲ್ಲೋ ಓಗಿ ಕದ್ದು ಮಾಡ್ತೀಯೆ. ನನ್ ಮನೇಲಿದ್ರೆ ನನ್ ಕಣ್ ಮುಂದೆ ಇರ್ತೀಯೆ," ಎಂದು ಲೋಟದ ಅಂಚನ್ನು ಸೆರಗಿನಿಂದ ಒರೆಸಿಕೊಂಡರು. ನನಗೆ ಅಳು ಬಂತು, ಸಿಟ್ಟೂ ಬಂತು.

ಉಳಿದ ಸೀಸೆಗಳನ್ನು ಮುಂದಿನ ಸಲ ಅವರೇ ಹೊತ್ತುಕೊಂಡು ಹೋಗಿ ಡಾಕ್ಟರಿಗೆ ಒಪ್ಪಿಸಿದರು. ಚೌಕಟ್ಟಿನ ಸರ್ಟಿಫಿಕೇಟನ್ನು ನಾನು ಹರಿದುಹಾಕಿದೆ. ಬೆಂಗಳೂರಿನವಳ ಫೋನು ನಾನು ಮಾಡಿದಾಗ ಒಂದೆರಡು ದಿನ ಬಡಿದುಕೊಂಡು ಆಮೇಲೆ ಸತ್ತುಹೋಯಿತು. ಕುಂತೂರಿನ ಹುಡುಗಿಗೆ ಆಗಲ್ಲ ಅಂದಾಗ ಅವಳು ನನ್ನ ಅಂಗಡಿಯಲ್ಲಿ ನಿಂತು ಅತ್ತಳು, ಬೈದಳು. ಯಾಕೆ ಎಂದು ಅವಳಿಗೆ ನಾನು ಹೇಳಲಿಲ್ಲ, ಸ್ಟಾಕ್ ಬಂದಿಲ್ಲ ಎಂದೆ. ಅದೇ ಚರ್ಮದ ಡಾಕ್ಟರ ಬಳಿಗೆ ಕಳಿಸಿದೆ. ಆ ಹಳ್ಳಗಳು ಇನ್ನೂ ಇವೆ, ಸ್ವಲ್ಪ ಕಡಿಮೆಯಾಗಿವೆ. ಮದುವೆಯ ಫೋಟೋದಲ್ಲಿ ಮುಖ ಎತ್ತಿಕೊಂಡೇ ನಕ್ಕಿದ್ದಾಳೆ.

ಮಗಳು ಒಂದು ಸಂಜೆ ಬಸ್ಸಿಳಿದವಳೇ ಮನೆಗೆ ಹೋಗದೆ ನನ್ನ ಬಳಿ ಬಂದಳು. ಬ್ಯಾಗು ಇನ್ನೂ ಹೆಗಲ ಮೇಲಿತ್ತು. "ಅಕ್ಕಾ, ಅವ್ವ ಯಾರ ಹತ್ರ ಚುಚ್ಚಿಸ್ಕೊಂಡ್ರು ಅಂತ ಬಾಯೇ ಬಿಡ್ತಿಲ್ಲ. ದಿನಾ ನಿಮ್ಮ ಜೊತೇಲೇ ಇರ್ತಾರಲ್ಲ, ನಿಮಗೇನಾದ್ರೂ ಗೊತ್ತಾ?"

"ಇಲ್ಲ ಕಣವ್ವಾ, ಗೊತ್ತಿಲ್ಲ," ಎಂದೆ. ಸಲೀಸಾಗಿ ಬಂತು ಮಾತು. ಆರು ತಿಂಗಳು ಅವಳು ತಾಯಿಗೆ ಆ ಮಾತ್ರೆಗಳನ್ನು ನುಂಗಿಸುವುದನ್ನು, ಅವರು ವಾಂತಿ ಮಾಡಿಕೊಳ್ಳುವುದನ್ನು, ಗಾಯಕ್ಕೆ ಹತ್ತಿ ತುಂಬಿ ಕಟ್ಟುವುದನ್ನು ನೋಡಿದೆ. ಬ್ಯಾಂಡೇಜು ಬಟ್ಟೆಯನ್ನು ನಾನೇ ತಂದುಕೊಟ್ಟೆ. ಎಷ್ಟು ಒಳ್ಳೆಯವರಕ್ಕ ನೀವು ಎಂದು ಅವಳು ಅಂದಾಗ ಸುಮ್ಮನೆ ಕೇಳಿಸಿಕೊಂಡೆ. ಅವರು ಬಾಗಿಲಲ್ಲಿ ನಿಂತು, ಎಡಗಣ್ಣು ಅರ್ಧ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಆಮೇಲೂ ದಿನಾ ಮಧ್ಯಾಹ್ನ ಬರುವುದು, ಬುಟ್ಟಿಯೊಳಗೆ ಇಣುಕುವುದು ಹಾಗೇ ನಡೆದಿತ್ತು.

ಗಾಯ ವಾಸಿಯಾಗಿ ವರ್ಷದ ಮೇಲಾಗಿತ್ತು. ಕಳೆದ ತಿಂಗಳು ಬೆಳಗ್ಗೆ ಹಾಲು ಕಾಯಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಹೃದಯದ್ದು, ಆ ತೋಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಂಬಲು ನನಗೆ ಇಷ್ಟವಿದೆ. ಆದರೂ ಅವರ ಅನುಮಾನ ನನಗೂ ಅಂಟಿದೆ.

ಹಿತ್ತಲಲ್ಲಿ ಸೀರೆ ಮರೆಕಟ್ಟಿ ಅವರಿಗೆ ಸ್ನಾನ ಮಾಡಿಸಿದೆವು. ಮಗಳು ನೀರು ಹುಯ್ಯುತ್ತಿದ್ದಳು, ನಾನು ಅರಿಶಿನ ಹಚ್ಚಿ ಉಜ್ಜುತ್ತಿದ್ದೆ, ಎದುರುಮನೆಯ ಮುದುಕಿ ತಲೆ ಹಿಡಿದಿದ್ದಳು. ಎಡತೋಳು ಬಂತು. ಒಳಮಗ್ಗುಲಲ್ಲಿ ನಾಲ್ಕು ಕಡೆ ಮಾಂಸ ಕುಸಿದು ಕಪ್ಪಾದ ಹಳ್ಳ. ನನ್ನ ಬೆರಳು ಅಲ್ಲಿ ನಿಂತುಬಿಟ್ಟಿತು.

"ಯಾವ್ ಪಾಪಿ ಚುಚ್ಚುದ್ನೋ, ಕೈ ಸೇದೋಗ," ಎಂದಳು ಮುದುಕಿ.

"ನಾನು," ಎಂದೆ.

ಮಗಳು ಚೊಂಬು ಎತ್ತಿದವಳು ಹಾಗೇ ನಿಂತಳು. "ಏನಂದ್ರಿ?"

"ಚುಚ್ಚಿದ್ದು ನಾನು. ನನ್ನ ಪಾರ್ಲರಲ್ಲೇ."

"ಅವತ್ತು ನಾ ಬಂದು ಕೇಳ್ದಾಗ?"

"ಗೊತ್ತಿಲ್ಲ ಅಂದೆ."

ಅವಳು ಕೂಗಾಡಲಿಲ್ಲ. ಚೊಂಬನ್ನು ಕೆಳಗಿಟ್ಟಳು. ಆಮೇಲೆ, "ಅವ್ವನ್ ಮೇಲಿಂದ ಕೈ ತಗೀರಿ," ಎಂದಳು.

ತೆಗೆದೆ. ನನ್ನ ಕೈ ಇದ್ದ ಜಾಗಕ್ಕೆ ಅವಳು ಇನ್ನೊಂದು ಚೊಂಬು ನೀರು ಹುಯ್ದು, ತಾನೇ ಉಜ್ಜಿ ತೊಳೆದಳು.